ಸಾಂಕ್ರಾಮಿಕದ ಕಾಲದಲ್ಲಿ ಮಲೆನಾಡಿನ ಕಾಲುದಾರಿ ಹಿಡಿಯುವವರಿಗೆ

2020ರ ಲಾಕ್‌ಡೌನ್ ಸಡಿಲವಾದ ಮೇಲೆ ಜನ ಮೊದಲು ಹೊರಟಿದ್ದು ಬೆಟ್ಟಗಳ ಕಡೆಗೆ. ಸಿನಿಮಾ ಇಲ್ಲ, ಜಾತ್ರೆ ಇಲ್ಲ, ಮದುವೆಗೂ ಲೆಕ್ಕದ ಜನ. ತಿಂಗಳುಗಟ್ಟಲೆ ಮನೆಯೊಳಗೆ ಕೂತವರಿಗೆ ಕೊಡಚಾದ್ರಿ, ಕವಲೇದುರ್ಗ, ಕುಂದಾದ್ರಿ, ಆಗುಂಬೆ ಕರೆದಂತೆ ಕಂಡಿದ್ದು ಸಹಜ. ಮುಂದೆ ಇನ್ನೊಂದು ಅಲೆ ಎದ್ದರೂ, ಬೇರೆ ಹೆಸರಿನ ಸೋಂಕು ಬಂದರೂ ಹೀಗೇ ಆಗುತ್ತದೆ. ಆಗ ಹೇಗೆ ಹೋಗಬೇಕು, ಹೇಗೆ ನಡೆದುಕೊಳ್ಳಬೇಕು ಅಂತ ಈಗಲೇ ತಿಳಿದಿಟ್ಟುಕೊಳ್ಳುವುದು ಒಳ್ಳೆಯದು.

ಮೊದಲು ಒಂದು ಸಮಾಧಾನದ ಮಾತು. ಕೋವಿಡ್‌ನಂಥ ಸೋಂಕು ಮುಖ್ಯವಾಗಿ ಹರಡುವುದು ಉಸಿರಿನಿಂದ. ಮಾತಾಡಿದಾಗ, ಕೆಮ್ಮಿದಾಗ, ಏದುಸಿರು ಬಿಟ್ಟಾಗ ಹೊರಬರುವ ಸಣ್ಣ ಹನಿಗಳು ಮುಚ್ಚಿದ ಕೋಣೆಯಲ್ಲಿ ತುಂಬಾ ಹೊತ್ತು ಗಾಳಿಯಲ್ಲೇ ಇರುತ್ತವೆ. ಬಯಲಲ್ಲಿ ಗಾಳಿ ಅವನ್ನು ಬೇಗ ಚದುರಿಸಿಬಿಡುತ್ತದೆ. ಹಾಗಾಗಿ ಕಾಡಿನ ದಾರಿಯಲ್ಲಿ ಎದುರಾದವರನ್ನು ದಾಟಿ ಹೋಗುವುದರಿಂದ ಆಗುವ ಅಪಾಯ ತೀರಾ ಕಡಿಮೆ. ಅಪಾಯ ಜಾಸ್ತಿ ಇರುವುದು ದಾರಿಯ ಎರಡು ತುದಿಗಳಲ್ಲಿ: ಹತ್ತಿಸಿಕೊಂಡು ಹೋಗುವ ಜೀಪು, ಚಹಾದಂಗಡಿಯ ಬೆಂಚು, ಹೋಂಸ್ಟೇಯ ಊಟದ ಕೋಣೆ, ಸೂರ್ಯಾಸ್ತ ನೋಡುವ ಕಟ್ಟೆ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ನಮಗೆ ಅದು ಟ್ರೆಕ್ಕಿಂಗ್ ದಾರಿ. ಅಲ್ಲಿರುವವರಿಗೆ ಡೈರಿಗೆ ಹಾಲು ಕೊಂಡೊಯ್ಯುವ ದಾರಿ, ಮಕ್ಕಳು ಬಸ್ಸಿಗೆ ಹೋಗುವ ದಾರಿ, ಸೊಪ್ಪು ಸೌದೆ ತರುವ ದಾರಿ. ಎಷ್ಟೋ ಮನೆಗಳಲ್ಲಿ ಮಕ್ಕಳು ಬೆಂಗಳೂರು ಸೇರಿದ್ದಾರೆ, ಊರಲ್ಲಿ ಉಳಿದವರು ವಯಸ್ಸಾದ ಅಪ್ಪ ಅಮ್ಮ. ಅವರಿಗೆ ಉಸಿರಾಟ ಕಷ್ಟವಾದರೆ ಘಾಟಿ ದಾರಿಯಲ್ಲಿ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಓಡಬೇಕು. ನಾವು ತಂದ ಸೋಂಕಿನ ಬೆಲೆ ಕಟ್ಟುವವರು ಅವರು. ಕೆಳಗೆ ಬರೆದಿರುವುದನ್ನೆಲ್ಲ ಅವರನ್ನು ಮನಸ್ಸಲ್ಲಿಟ್ಟುಕೊಂಡೇ ಬರೆದಿದ್ದೇನೆ.

1. ಹೊರಡುವ ಮುಂಚೆ

ಜ್ವರ, ಗಂಟಲು ಕೆರೆತ, ನೆಗಡಿ, ಮೈಕೈ ನೋವು ಇದ್ದರೆ ಹೋಗಬೇಡಿ. ಮನೆಯಲ್ಲಿ ಬೇರೆ ಯಾರಿಗಾದರೂ ಇದ್ದರೂ ಬೇಡ. ಕೋವಿಡ್‌ನಲ್ಲಿ ಸೋಂಕು ತಗುಲಿ ಲಕ್ಷಣ ಕಾಣಿಸಲು 2ರಿಂದ 14 ದಿನ ಹಿಡಿಯಬಹುದು. ಲಕ್ಷಣ ಕಾಣುವ ಒಂದೆರಡು ದಿನ ಮುಂಚೆಯೇ ಅದು ಇನ್ನೊಬ್ಬರಿಗೆ ಹರಡಬಲ್ಲದು. "ಇದು ಬರೀ ಶೀತ, ಮಳೆಗೆ ಬಂದಿದ್ದು" ಅಂತ ನಾವೇ ತೀರ್ಮಾನ ಮಾಡಿಕೊಂಡು ಗಾಡಿ ಹತ್ತುವುದು ದೊಡ್ಡ ತಪ್ಪು. ಹೋಂಸ್ಟೇ ಬುಕ್ ಆಗಿದೆ, ದುಡ್ಡು ಕೊಟ್ಟಾಗಿದೆ ಅನ್ನುವುದು ಆಗ ಕಾರಣವಾಗಬಾರದು. ಫೋನ್ ಮಾಡಿ ದಿನ ಬದಲಿಸಿ.

ದಾರಿ ತೆರೆದಿದೆಯಾ ಅಂತ ಕೇಳಿಕೊಳ್ಳಿ. ಕೊಡಚಾದ್ರಿ ಇರುವುದು ಮೂಕಾಂಬಿಕಾ ವನ್ಯಜೀವಿ ಅಭಯಾರಣ್ಯದಲ್ಲಿ, ಆಗುಂಬೆಯ ಘಾಟಿ ಇಳಿಯುವುದು ಸೋಮೇಶ್ವರ ಅಭಯಾರಣ್ಯದೊಳಗೆ. ಇಲ್ಲಿ ಅರಣ್ಯ ಇಲಾಖೆಯ ಮಾತೇ ಕೊನೆ. ಮಳೆಗಾಲದಲ್ಲಿ, ಕಾಡಿಗೆ ಬೆಂಕಿ ಬೀಳುವ ಬೇಸಿಗೆಯಲ್ಲಿ, ಸೋಂಕಿನ ಸಮಯದಲ್ಲಿ ದಾರಿಗಳನ್ನು ಮುಚ್ಚುತ್ತಾರೆ. ಗೇಟಿನಲ್ಲಿ ನಿಂತ ಕಾವಲುಗಾರನ ಜೊತೆ ವಾದ ಮಾಡಿ ಪ್ರಯೋಜನವಿಲ್ಲ, ಅದು ನ್ಯಾಯವೂ ಅಲ್ಲ. ಇಲಾಖೆ ಮುಚ್ಚದಿದ್ದರೂ ಊರಿನವರು ದಾರಿಗೆ ಬೇಲಿ ಎಳೆದಿರಬಹುದು. 2020ರಲ್ಲಿ ಎಷ್ಟೋ ಹಳ್ಳಿಗಳಲ್ಲಿ ಹೀಗೆ ಮಾಡಿದ್ದರು. ಹಾಗೆ ಕಂಡರೆ ಸುಮ್ನೆ ವಾಪಸ್ ಬನ್ನಿ.

ಭಾನುವಾರ ಬಿಟ್ಟು ವಾರದ ನಡುವೆ ಹೋಗಲು ಆಗುತ್ತದಾ ನೋಡಿ. ಇಲ್ಲವಾದರೆ ಬೆಳಗ್ಗೆ ಬೇಗ ಹತ್ತಿ, ಜನ ಬರುವ ಹೊತ್ತಿಗೆ ಇಳಿಯಿರಿ. ಹೆಸರುವಾಸಿ ಜಾಗವೇ ಆಗಬೇಕು ಅಂತಿಲ್ಲ. ನಿಮ್ಮ ಮನೆಗೆ ಹತ್ತಿರದ ಕೆರೆ ಏರಿ, ಗುಡ್ಡ, ತುಂಗೆಯ ದಡ ಸಾಕು. ಸೋಂಕು ಏರುತ್ತಿರುವ ವಾರಗಳಲ್ಲಂತೂ ಜಿಲ್ಲೆ ದಾಟಿ ಹೋಗುವುದಕ್ಕಿಂತ ಅದೇ ಸರಿಯಾದ ಆಯ್ಕೆ.

ಗುಂಪು ಚಿಕ್ಕದಿರಲಿ. ಒಂದೇ ಮನೆಯವರು ಅಥವಾ ದಿನಾ ಜೊತೆಗಿರುವವರು ಮಾತ್ರ. ಇಪ್ಪತ್ತು ಜನರ ಗ್ರೂಪ್ ಟ್ರೆಕ್‌ಗೆ ಇದು ಕಾಲವಲ್ಲ.

ಇತ್ತೀಚೆಗೆ ಕೋವಿಡ್ ಆಗಿ ಗುಣವಾದವರು ಮೊದಲ ವಾರಗಳಲ್ಲೇ ಕಡಿದಾದ ಬೆಟ್ಟ ಹತ್ತಬೇಡಿ. ಮೊದಲು ಸಮತಟ್ಟು ದಾರಿಯಲ್ಲಿ ನಡೆದು ನೋಡಿ. ಎದೆನೋವು, ಎದೆ ಡವಗುಟ್ಟುವುದು, ಎಂದಿಗಿಂತ ಜಾಸ್ತಿ ಏದುಸಿರು ಬಂದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ.

2. ಜೀಪು, ಕಾರು, ಬಸ್ಸು

ಕೊಡಚಾದ್ರಿಗೆ ಹೋಗುವವರಲ್ಲಿ ಜಾಸ್ತಿ ಜನ ಜೀಪು ಹತ್ತುತ್ತಾರೆ. ಎಂಟು ಹತ್ತು ಜನ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು, ಧೂಳು ಮಳೆ ಅಂತ ಟಾರ್ಪಾಲು ಇಳಿಸಿಕೊಂಡು ಕೂರುತ್ತಾರೆ. ಇಡೀ ಪ್ರವಾಸದಲ್ಲಿ ಸೋಂಕಿಗೆ ಇದಕ್ಕಿಂತ ಅನುಕೂಲದ ಜಾಗ ಇನ್ನೊಂದಿಲ್ಲ. ಜನ ಮೇಲೆ ಹತ್ತಿ ಗಾಳಿ ಬೀಸುವ ಶಿಖರದಲ್ಲಿ ಮಾಸ್ಕ್ ಹಾಕಿಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ, ಜೀಪಿನೊಳಗೆ ತೆಗೆದಿಡುತ್ತಾರೆ. ಇದು ಪೂರ್ತಿ ಉಲ್ಟಾ. ಜೀಪಿನಲ್ಲಿ ಮಾಸ್ಕ್ ಹಾಕಿ, ಮೂಗು ಮುಚ್ಚುವಂತೆ ಹಾಕಿ, ಟಾರ್ಪಾಲು ಮೇಲೆತ್ತಿ. ಸಾಧ್ಯವಾದರೆ ಅಪರಿಚಿತರ ಜೊತೆ ಪಾಲಿಗೆ ಕೂರದೆ ನಿಮ್ಮ ಗುಂಪಿಗೇ ಒಂದು ಜೀಪು ಮಾತಾಡಿ. ದುಡ್ಡು ಜಾಸ್ತಿ ಆಗುತ್ತದೆ ನಿಜ. ಕಾಲಲ್ಲಿ ಶಕ್ತಿ ಇರುವವರು ನಡೆದೇ ಹೋಗಬಹುದು.

ಜೀಪಿನ ಡ್ರೈವರ್ ಒಂದೇ ದಿನದಲ್ಲಿ ಎಷ್ಟೋ ಗುಂಪುಗಳನ್ನು ಹತ್ತಿಸಿ ಇಳಿಸುತ್ತಾನೆ. ಅವನಿಗೆ ನಮ್ಮಲ್ಲಿ ಯಾರಿಂದಲಾದರೂ ಸೋಂಕು ಬಂದೀತು. ಸಂಜೆ ಅವನು ಹೋಗುವುದು ತನ್ನ ಮನೆಗೇ ಅಲ್ವಾ?

ಸ್ವಂತ ಕಾರಿನಲ್ಲೂ ಬೇರೆ ಮನೆಯ ಗೆಳೆಯರಿದ್ದರೆ ಗಾಜು ಇಳಿಸಿ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿ, ಮಾಸ್ಕ್ ತೆಗೆಯಬೇಡಿ.

3. ಚೀಲದಲ್ಲಿ ಏನಿರಬೇಕು

ಕುಡಿಯುವ ನೀರು, ಬುತ್ತಿ, ಎರಡು ಮೂರು ಮಾಸ್ಕ್, ಸಣ್ಣ ಸೋಪು ಅಥವಾ 60 ಶೇಕಡಕ್ಕಿಂತ ಜಾಸ್ತಿ ಆಲ್ಕೋಹಾಲ್ ಇರುವ ಸ್ಯಾನಿಟೈಸರ್, ಚಿಮಟ, ಪಟ್ಟಿ, ಟಾರ್ಚು, ಕಸ ತರಲು ಗಟ್ಟಿ ಕವರ್. ಮಲೆನಾಡಿನ ಮಂಜು ಮಳೆಯಲ್ಲಿ ಮಾಸ್ಕ್ ಹತ್ತು ನಿಮಿಷದಲ್ಲಿ ತೊಪ್ಪೆಯಾಗುತ್ತದೆ. ಒದ್ದೆ ಮಾಸ್ಕ್‌ನಲ್ಲಿ ಉಸಿರಾಡುವುದೂ ಕಷ್ಟ, ಅದು ಸೋಸುವುದೂ ಕಡಿಮೆ. ಅದಕ್ಕೇ ಒಣಗಿದ್ದು ಬೇರೆ ಇರಬೇಕು.

ಒಂದು ನೀರಿನ ಬಾಟಲಿಯನ್ನು ನಾಲ್ಕು ಜನ ಕಚ್ಚಿ ಕುಡಿಯುವುದು ಬೇಡ. ತಲೆಗೊಂದು ಇರಲಿ.

4. ದಾರಿಯಲ್ಲಿ ಎದುರಾದಾಗ

ಸೋಂಕಿನ ಕಾಲದಲ್ಲಿ ನಮಗೆಲ್ಲ ಆರು ಅಡಿ ದೂರ ಅಂತ ಹೇಳಿಕೊಟ್ಟಿದ್ದಾರೆ. ಊರಿನ ರಸ್ತೆಯಲ್ಲಿ ಅದು ಸರಿ. ಮಲೆನಾಡಿನ ಕಾಲುದಾರಿಯ ಅಗಲ ಮಾತ್ರ ಒಂದೆರಡು ಅಡಿ. ಒಂದು ಕಡೆ ದರೆ (ಗುಡ್ಡದ ಕಡಿದಾದ ಮಣ್ಣಿನ ಗೋಡೆ), ಇನ್ನೊಂದು ಕಡೆ ಇಳಿಜಾರು. ಇಲ್ಲಿ ಯಾರಾದರೂ ಎದುರು ಬಂದ ಕೂಡಲೇ ಪಕ್ಕದ ಪೊದೆಗೆ ಹಾರುವವರನ್ನು ನೋಡಿದ್ದೇನೆ. ಅದು ಎರಡು ಕಾರಣಕ್ಕೆ ತಪ್ಪು. ಇಳಿಜಾರಿನ ಕಡೆ ಒದ್ದೆ ತರಗೆಲೆಯ ಮೇಲೆ ಕಾಲಿಟ್ಟರೆ ಜಾರಿ ಬೀಳುವುದು ಒಂದು. ಇನ್ನೊಂದು ಉಣುಗು, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆ ಹುಳ. ಅದರ ವಿಷಯ ಮುಂದೆ ಹೇಳುತ್ತೇನೆ.

ಮಾಡಬೇಕಾದ್ದು ಇಷ್ಟು. ಕಣ್ಣು ಮುಂದಿರಲಿ. ದೂರದಲ್ಲಿ ಜನ ಕಂಡಾಗಲೇ, ದಾರಿ ಸ್ವಲ್ಪ ಅಗಲವಿರುವ ಕಡೆ, ಬಂಡೆಯ ಮೇಲೋ ಬರಿ ಮಣ್ಣಿನ ಮೇಲೋ ನಿಂತುಬಿಡಿ. ನಿಲ್ಲುವುದು ಯಾವಾಗಲೂ ದರೆಯ ಕಡೆಗೆ. ಮಾಸ್ಕ್ ಮೇಲೆತ್ತಿಕೊಳ್ಳಿ, ಮುಖ ಸ್ವಲ್ಪ ಆಚೆ ತಿರುಗಿಸಿ, ಅವರನ್ನು ಹೋಗಲು ಬಿಡಿ. ಅಗಲ ಜಾಗ ಸಿಗದಿದ್ದರೂ ಗಾಬರಿ ಬೇಡ. ಮೂರು ಸೆಕೆಂಡು ಪಕ್ಕದಲ್ಲಿ ಹಾದು ಹೋದ ಮಾತ್ರಕ್ಕೆ ಬಯಲಲ್ಲಿ ಸೋಂಕು ಅಂಟುವ ಸಾಧ್ಯತೆ ತೀರಾ ಕಡಿಮೆ. ಅಲ್ಲೇ ನಿಂತು "ಮೇಲೆ ಮಂಜಿದೆಯಾ, ಇನ್ನೂ ಎಷ್ಟು ದೂರ" ಅಂತ ಮುಖಕ್ಕೆ ಮುಖ ಕೊಟ್ಟು ಐದು ನಿಮಿಷ ಮಾತಾಡಿದರೆ ಲೆಕ್ಕ ಬೇರೆ. ಆ ಮಾತನ್ನು ನಾಲ್ಕು ಹೆಜ್ಜೆ ದೂರದಿಂದಲೇ ಆಡಬಹುದು.

ಯಾರು ಯಾರಿಗೆ ದಾರಿ ಬಿಡಬೇಕು? ತಲೆಯ ಮೇಲೆ ಹೊರೆ ಇರುವವರಿಗೆ ಮೊದಲು. ಹುಲ್ಲು, ಸೌದೆ ಹೊತ್ತವರು ನಿಂತರೆ ಮತ್ತೆ ಹೆಜ್ಜೆ ಕೂಡಿಸಿಕೊಳ್ಳುವುದು ಕಷ್ಟ. ಆಮೇಲೆ ವಯಸ್ಸಾದವರು, ಮಕ್ಕಳು. ಆಮೇಲೆ ಏರು ಹತ್ತುತ್ತಿರುವವರು. ಇಳಿಯುವವರು ನಿಲ್ಲಬೇಕು. ದನಗಳು ಎದುರಾದರೆ ಕೂಗಾಡದೆ ಪಕ್ಕಕ್ಕೆ ನಿಲ್ಲಿ, ಅವು ತಮ್ಮ ಪಾಡಿಗೆ ಹೋಗುತ್ತವೆ. ಸೈಕಲ್ಲಿನವರು ದೂರದಿಂದಲೇ ಬೆಲ್ ಮಾಡಿ, ನಿಧಾನಿಸಿ. ಹಿಂದಿನಿಂದ ಬಂದು ಕಿವಿಯ ಹತ್ತಿರ "ಸೈಡ್" ಅಂತ ಕೂಗಿದರೆ ಯಾರಾದರೂ ಬೆಚ್ಚುತ್ತಾರೆ.

ದಣಪೆ, ಅಂದರೆ ಬೇಲಿಯಲ್ಲಿ ಗಳುಗಳನ್ನು ಅಡ್ಡ ಹಾಕಿದ ಗೇಟು, ದಾಟಿ ಹೋಗುವ ದಾರಿಗಳಿವೆ. ತೆಗೆದ ಗಳುಗಳನ್ನು ಮತ್ತೆ ಹಾಕಿ ಹೋಗಿ. ಮುಟ್ಟಿದರೆ ಸೋಂಕು ಬರುತ್ತದೆ ಅನ್ನುವ ಹೆದರಿಕೆಯಿಂದ ತೆರೆದೇ ಬಿಟ್ಟು ಹೋದರೆ ಅವರ ತೋಟ ದನದ ಪಾಲು. ಮುಟ್ಟಿ, ಮುಚ್ಚಿ, ಆಮೇಲೆ ಕೈ ತೊಳೆಯಿರಿ.

ಬಯಲಲ್ಲಿ ಒಬ್ಬರೇ ನಡೆಯುವಾಗ, ಮನೆಯವರ ಜೊತೆ ನಡೆಯುವಾಗ ಮಾಸ್ಕ್ ಬೇಕಿಲ್ಲ. 5 ವರ್ಷದೊಳಗಿನ ಮಕ್ಕಳಿಗಂತೂ ಹಾಕಲೇಬೇಡಿ. ಕಡಿದಾದ ಏರಿನಲ್ಲಿ ಮಾಸ್ಕ್ ಹಾಕಿ ತಲೆಸುತ್ತು ಬರಿಸಿಕೊಳ್ಳುವುದಕ್ಕಿಂತ ಮುಂದಿನ ಗುಂಪಿನಿಂದ ದೂರ ಉಳಿಯುವುದು ಒಳ್ಳೆಯ ಉಪಾಯ.

5. ಜನ ಸೇರುವ ಜಾಗಗಳು

ಆಗುಂಬೆಯ ಸೂರ್ಯಾಸ್ತದ ಕಟ್ಟೆ ಚಿಕ್ಕದು. ಸಂಜೆ ಅಲ್ಲಿ ಭುಜಕ್ಕೆ ಭುಜ ತಾಗುತ್ತದೆ. ಕೊಡಚಾದ್ರಿಯ ತುದಿಯ ಸರ್ವಜ್ಞ ಪೀಠ ಒಂದು ಪುಟ್ಟ ಕಲ್ಲಿನ ಮಂಟಪ, ಕುಂದಾದ್ರಿಯ ಪಾರ್ಶ್ವನಾಥ ಬಸದಿಯ ಒಳಗೂ ಜಾಗ ಕಡಿಮೆ. ಇಂಥ ಕಡೆ ಒಂದು ಗುಂಪು ಹೊರಬಂದ ಮೇಲೆ ಇನ್ನೊಂದು ಒಳಗೆ ಹೋಗಬೇಕು, ಮಾಸ್ಕ್ ಇರಬೇಕು, ಬೇಗ ಹೊರಬರಬೇಕು. ನೋಡುವುದು ಮುಗಿದ ಮೇಲೆ ಜಾಗ ಬಿಟ್ಟುಕೊಡಿ.

ಶಿವಮೊಗ್ಗ ಊರಿನೊಳಗಿನ ಗಾಂಧಿ ಪಾರ್ಕ್, ಫ್ರೀಡಂ ಪಾರ್ಕ್‌ಗಳಿಗೆ ಬೆಳಗಿನ ವಾಕಿಂಗ್ ಬರುವವರಿಗೂ ಇದೇ ಮಾತು. ನಡೆಯುವಾಗ ತೊಂದರೆ ಇಲ್ಲ, ವಾಕಿಂಗ್ ಮುಗಿಸಿ ಬೆಂಚಿನ ಸುತ್ತ ಹರಟೆಗೆ ಕೂತಾಗ ದೂರ ಮರೆಯುತ್ತದೆ. ನಾಲ್ಕು ಜನ ಸಾಲಾಗಿ ಇಡೀ ದಾರಿ ಹಿಡಿದು ನಡೆದರೆ ಹಿಂದಿನವರು ನಿಮ್ಮನ್ನು ಉಜ್ಜಿಕೊಂಡೇ ದಾಟಬೇಕಾಗುತ್ತದೆ. ಒಬ್ಬರ ಹಿಂದೆ ಒಬ್ಬರು ನಡೆಯಿರಿ.

6. ಊರು, ನೀರು, ಊಟ

ಬೆಟ್ಟದ ಮೇಲೆ ಒಂದು ಅಬ್ಬಿ, ಅಂದರೆ ಸಣ್ಣ ಜಲಪಾತ, ಕಂಡ ಕೂಡಲೇ ಬಟ್ಟೆ ಬಿಚ್ಚಿ ಇಳಿಯುವವರಿದ್ದಾರೆ. ಮಲೆನಾಡಿನ ಎಷ್ಟೋ ಮನೆಗಳಿಗೆ ಕುಡಿಯುವ ನೀರು ಬರುವುದು ಗುಡ್ಡದ ಮೇಲಿನ ಇಂಥ ಅಬ್ಬಿಯಿಂದಲೇ. ಹಿಂದೆ ಅಡಿಕೆ ಮರ ಸೀಳಿ ಮಾಡಿದ ದಬ್ಬೆಯಲ್ಲಿ ಹರಿಸುತ್ತಿದ್ದರು, ಈಗ ಪೈಪು ಹಾಕಿದ್ದಾರೆ. ದಾರಿ ಪಕ್ಕ ಕಪ್ಪು ಪೈಪು ಕಂಡರೆ ಆ ನೀರು ಯಾರದೋ ಅಡಿಗೆಮನೆಗೆ ಹೋಗುತ್ತಿದೆ ಅಂತ ಅರ್ಥ. ಅಲ್ಲಿ ಸೋಪು ಹಚ್ಚಬೇಡಿ, ಉಗುಳಬೇಡಿ, ಬಾಯಿ ಮುಕ್ಕಳಿಸಬೇಡಿ. ಕೈ ತೊಳೆಯುವುದಾದರೆ ಬಾಟಲಿಯಲ್ಲಿ ನೀರು ತೆಗೆದುಕೊಂಡು ದೂರ ಬಂದು ತೊಳೆಯಿರಿ. ಶೌಚಕ್ಕೆ ಹೋಗಲೇಬೇಕಾದರೆ ನೀರಿನಿಂದ, ದಾರಿಯಿಂದ 60 ಮೀಟರ್ ಆದರೂ ದೂರ ಹೋಗಿ, ಗೇಣುದ್ದ ಗುಂಡಿ ತೋಡಿ, ಮಣ್ಣು ಮುಚ್ಚಿ.

ಚಹಾದಂಗಡಿಯನ್ನು ಬಿಟ್ಟು ಹೋಗಬೇಕು ಅಂತ ನಾನು ಹೇಳುವುದಿಲ್ಲ. ಲಾಕ್‌ಡೌನ್‌ನಲ್ಲಿ ಹೆಚ್ಚು ಪೆಟ್ಟು ತಿಂದವರಲ್ಲಿ ಇಂಥ ಅಂಗಡಿಯವರೂ ಜೀಪಿನವರೂ ಇದ್ದಾರೆ. ಚಹಾ ತೆಗೆದುಕೊಂಡು ಹೊರಗೆ ಮರದ ಕೆಳಗೆ ಕುಡಿಯಿರಿ. ಅಲ್ಲಿ ನೆಟ್‌ವರ್ಕ್ ಸಿಗುವುದು ಕಷ್ಟ, ಫೋನ್‌ಪೇ ಆಗದೆ ಕೌಂಟರ್ ಮುಂದೆ ಗುಂಪು ನಿಲ್ಲುತ್ತದೆ. ಚಿಲ್ಲರೆ ಇಟ್ಟುಕೊಂಡು ಹೋಗಿ.

ಹೋಂಸ್ಟೇಯಲ್ಲಿ ಊಟ ಜಗಲಿಯಲ್ಲೋ ಅಂಗಳದಲ್ಲೋ ಬಡಿಸಲು ಕೇಳಿಕೊಳ್ಳಿ. ಮಲೆನಾಡಿನ ಮನೆಯ ಜಗಲಿಯಷ್ಟು ಗಾಳಿ ಆಡುವ ಜಾಗ ಬೇರೆಲ್ಲಿ ಸಿಗುತ್ತದೆ? ಅಡಿಗೆಮನೆಗೆ ನುಗ್ಗಿ ಅಜ್ಜಿಯ ಜೊತೆ ಸೆಲ್ಫಿ ತೆಗೆದುಕೊಳ್ಳುವುದು ಈ ಕಾಲಕ್ಕೆ ಬೇಡ. ಅವರು ಮರ್ಯಾದೆಗೆ ಬೇಡ ಅನ್ನುವುದಿಲ್ಲ. ನಾವೇ ತಿಳಿದುಕೊಳ್ಳಬೇಕು.

ಬಳಸಿದ ಮಾಸ್ಕ್ ದಾರಿಯಲ್ಲಿ ಎಸೆಯಬೇಡಿ. ಆಸ್ಪತ್ರೆ ಮಾಸ್ಕ್ ನೋಡಲು ಬಟ್ಟೆಯಂತಿದ್ದರೂ ಅದು ಪ್ಲಾಸ್ಟಿಕ್ಕಿನ ಎಳೆ, ಮಣ್ಣಲ್ಲಿ ಕರಗುವುದಿಲ್ಲ. ಅದರ ಕಿವಿದಾರ ಹಕ್ಕಿಯ ಕಾಲಿಗೆ ಸುತ್ತಿಕೊಳ್ಳುತ್ತದೆ. ಎಸೆದದ್ದನ್ನು ಹೆಕ್ಕುವುದು ಕೊನೆಗೆ ಊರಿನ ಯಾರೋ ಬರಿಗೈಯಲ್ಲಿ. ಕವರಿನಲ್ಲಿ ಕಟ್ಟಿ ಮನೆಗೇ ತನ್ನಿ. ಮಂಗಗಳಿಗೆ ತಿಂಡಿ ಕೊಡುವುದೂ ಬೇಡ. ಮನುಷ್ಯರ ಉಸಿರಾಟದ ಕಾಯಿಲೆಗಳು ಅವಕ್ಕೂ ಅಂಟಬಲ್ಲವು.

7. ಉಣುಗಿನ ವಿಷಯ

ಶಿವಮೊಗ್ಗ ಜಿಲ್ಲೆಯವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಹೊರಗಿನಿಂದ ಬರುವವರಿಗೆ ಹೇಳಲೇಬೇಕು. ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದರ ವೈರಸ್ ಹರಡುವುದು ಕಾಡಿನ ಉಣುಗು ಕಚ್ಚುವುದರಿಂದ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇ ತನಕ ಅದರ ಕಾಲ, ಅಂದರೆ ಟ್ರೆಕ್ಕಿಂಗ್‌ಗೆ ಜನ ಬರುವ ಕಾಲವೇ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಅದು ಜೀವಗಳನ್ನು ತೆಗೆದುಕೊಂಡಿತು. ಕಾಯಿಲೆ ಬಂದ ನೂರು ಜನರಲ್ಲಿ 3ರಿಂದ 5 ಜನ ಸಾಯಬಹುದು.

ಈ ಉಣುಗಿನ ಮರಿಗಳು ಎಷ್ಟು ಸಣ್ಣವು ಅಂದರೆ ಮೈಮೇಲೆ ಹರಿದರೂ ಗೊತ್ತಾಗುವುದಿಲ್ಲ. ಅವು ಇರುವುದು ತರಗೆಲೆಯಲ್ಲಿ, ಮೊಣಕಾಲೆತ್ತರದ ಪೊದೆಯಲ್ಲಿ. ದೂರ ಕಾಯಲು ಪೊದೆಗೆ ಇಳಿಯಬೇಡಿ ಅಂತ ಆಗ ಹೇಳಿದ್ದು ಇದಕ್ಕೇ. ಒಂದು ಕಾಯಿಲೆ ತಪ್ಪಿಸಲು ಹೋಗಿ ಇನ್ನೊಂದರ ಬಾಯಿಗೆ ಕಾಲಿಡಬಾರದು.

ಉದ್ದ ತೋಳಿನ ಅಂಗಿ, ಪೂರ್ತಿ ಪ್ಯಾಂಟು ಹಾಕಿ. ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ಸೇರಿಸಿ. ತಿಳಿ ಬಣ್ಣದ ಬಟ್ಟೆಯಾದರೆ ಉಣುಗು ಹತ್ತಿದ್ದು ಕಾಣುತ್ತದೆ. ಹಳ್ಳಿಗಳಲ್ಲಿ ಆರೋಗ್ಯ ಇಲಾಖೆಯವರು ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ ಹಂಚುತ್ತಾರೆ. ನಿಮ್ಮ ಹತ್ತಿರ ಅದಿಲ್ಲದಿದ್ದರೆ ಅಂಗಡಿಯಲ್ಲಿ ಸಿಗುವ, ಉಣುಗಿಗೂ ಆಗುವ ಮುಲಾಮು ಹಚ್ಚಿ. ತರಗೆಲೆ ಮೇಲೆ ಕೂರಬೇಡಿ, ಮಲಗಬೇಡಿ. ಬುತ್ತಿ ಬಿಚ್ಚುವುದು ಬಂಡೆಯ ಮೇಲೆ. ಉಣುಗು ಕಚ್ಚಿಕೊಂಡಿದ್ದರೆ ಚರ್ಮಕ್ಕೆ ಹತ್ತಿರ ಚಿಮಟದಿಂದ ಹಿಡಿದು ನೇರ ಮೇಲಕ್ಕೆ ಎಳೆಯಿರಿ, ಆ ಜಾಗವನ್ನು ಸೋಪಿನಿಂದ ತೊಳೆಯಿರಿ. ಬೆರಳಲ್ಲಿ ಹಿಸುಕುವುದು, ಬೀಡಿ ಬೆಂಕಿ ತಾಗಿಸುವುದು ಬೇಡ.

ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ. ಸತ್ತ ಮಂಗದ ಮೈಯಿಂದ ಉಣುಗು ಸುತ್ತಲೂ ಇಳಿದಿರುತ್ತವೆ. ಜಾಗ ಗುರುತು ಮಾಡಿಕೊಂಡು ಹತ್ತಿರದ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ತಿಳಿಸಿ, ಬಂದ ದಾರಿಯಲ್ಲೇ ವಾಪಸ್ ಹೊರಡಿ.

8. ಬಿದ್ದರೆ ಹೊರುವವರು ಯಾರು

ಮಾಮೂಲಿ ಕಾಲದಲ್ಲಿ ಜಾರುಬಂಡೆ ಹತ್ತಿ ನೋಡೋಣ ಅನ್ನಿಸಬಹುದು. ಸೋಂಕಿನ ಕಾಲದಲ್ಲಿ ಆ ಆಸೆ ಬಿಡಿ. ನೀವು ಕಾಲು ಮುರಿದುಕೊಂಡರೆ ನಿಮ್ಮನ್ನು ಕಂಬಳಿಯಲ್ಲಿ ಕಟ್ಟಿ ಇಳಿಸುವವರು ಕೆಳಗಿನ ಊರಿನ ಆರೆಂಟು ಜನ. ಗಂಟೆಗಟ್ಟಲೆ ಏದುಸಿರು ಬಿಡುತ್ತಾ, ಮುಖಕ್ಕೆ ಮುಖ ಹತ್ತಿರ ಇಟ್ಟು ಹೊರಬೇಕು. ಆಮೇಲೆ ಸೋಂಕಿನ ರೋಗಿಗಳಿಂದ ತುಂಬಿದ ಆಸ್ಪತ್ರೆಯಲ್ಲಿ ನಿಮಗೂ ಒಂದು ಹಾಸಿಗೆ ಹುಡುಕಬೇಕು. ಬೆಳಕಿರುವಾಗಲೇ ಇಳಿಯಿರಿ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಮನೆಯಲ್ಲಿ ಹೇಳಿ ಹೊರಡಿ. ಆಂಬುಲೆನ್ಸ್‌ಗೆ 108, ತುರ್ತು ಸಹಾಯಕ್ಕೆ 112. ಎರಡಕ್ಕೂ ಸಿಗ್ನಲ್ ಬೇಕು, ಕಾಡಿನೊಳಗೆ ಅದು ಇರುವುದು ಅಪರೂಪ. ದಾರಿಯಲ್ಲಿ ಎಲ್ಲಿ ಸಿಗ್ನಲ್ ಬಂತು ಅನ್ನುವುದನ್ನು ಹತ್ತುವಾಗಲೇ ನೆನಪಿಟ್ಟುಕೊಳ್ಳಿ.

9. ಮನೆಗೆ ಬಂದ ಮೇಲೆ

ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಕಿವಿಯ ಹಿಂದೆ, ಕಂಕುಳು, ಸೊಂಟ, ಮೊಣಕಾಲಿನ ಹಿಂಭಾಗದಲ್ಲಿ ಉಣುಗು ಇದೆಯಾ ನೋಡಿ. ಮಕ್ಕಳ ತಲೆಯನ್ನು ನೀವೇ ನೋಡಿ.

ಎರಡು ವಾರ ಮೈಮೇಲೆ ಗಮನ ಇರಲಿ. ಜ್ವರ ಬಂದರೆ ಕೋವಿಡ್ ಇರಬಹುದು, ಮಂಗನ ಕಾಯಿಲೆ ಇರಬಹುದು, ಮಳೆಗಾಲದಲ್ಲಾದರೆ ಇಲಿಜ್ವರವೋ ಡೆಂಗಿಯೋ ಇರಬಹುದು. ಮೊದಲ ದಿನ ಎಲ್ಲದರ ಮುಖವೂ ಹೆಚ್ಚು ಕಡಿಮೆ ಒಂದೇ: ಜ್ವರ, ತಲೆನೋವು, ಮೈಕೈ ನೋವು. ಮಂಗನ ಕಾಯಿಲೆಯಲ್ಲಿ ಉಣುಗು ಕಚ್ಚಿದ 3ರಿಂದ 8 ದಿನಕ್ಕೆ ಜ್ವರ ಒಮ್ಮೆಗೇ ಏರುತ್ತದೆ. ಬಿಟ್ಟು ಹೋದ ಜ್ವರ ವಾರ ಎರಡು ವಾರ ಕಳೆದು ಮತ್ತೆ ಬರುವುದೂ ಉಂಟು. ಕೋವಿಡ್ ಟೆಸ್ಟ್ ನೆಗೆಟಿವ್ ಬಂತು ಅಂತ ಮನೆಯಲ್ಲೇ ಕೂತರೆ ಅಮೂಲ್ಯ ದಿನಗಳು ಹೋಗುತ್ತವೆ. ವೈದ್ಯರ ಹತ್ತಿರ ಹೋದಾಗ ಅವರು ಕೇಳದಿದ್ದರೂ ಹೇಳಿ: "ಇಂಥ ದಿನ, ಇಂಥ ಕಾಡಿಗೆ ಹೋಗಿದ್ದೆ." ಬೆಂಗಳೂರಿನ ಕ್ಲಿನಿಕ್ಕಿನಲ್ಲಿ ಈ ಒಂದು ಮಾತು ಇಲ್ಲದೆ ಯಾರಿಗೂ ಮಂಗನ ಕಾಯಿಲೆ ನೆನಪಾಗುವುದಿಲ್ಲ. ವೈದ್ಯರನ್ನು ನೋಡುವ ತನಕ ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ರಕ್ತಸ್ರಾವ ಹೆಚ್ಚಿಸಬಹುದಾದ ಆಸ್ಪಿರಿನ್, ಐಬುಪ್ರೊಫೆನ್ ಥರದ ಮಾತ್ರೆಗಳನ್ನು ನೀವಾಗಿಯೇ ತೆಗೆದುಕೊಳ್ಳಬೇಡಿ.

ಕೋವಿಡ್ ಅಂತ ಗೊತ್ತಾದರೆ ಅದೇ ದಿನ ಇನ್ನೊಂದು ಫೋನ್ ಮಾಡಿ. ನೀವು ಉಳಿದ ಹೋಂಸ್ಟೇಯವರಿಗೆ, ಜೀಪಿನವರಿಗೆ, ದಾರಿ ತೋರಿಸಿದ ಹುಡುಗನಿಗೆ. ಹೇಳಲು ಮುಜುಗರ ಆಗುತ್ತದೆ, ಆದರೂ ಹೇಳಿ. ಅವರು ಕೆಲವು ದಿನ ಅಜ್ಜ ಅಜ್ಜಿಯಿಂದ ದೂರ ಇರಬಹುದು, ಬೇಗ ಪರೀಕ್ಷೆ ಮಾಡಿಸಿಕೊಳ್ಳಬಹುದು. ಅದಕ್ಕೆ ಹೊರಡುವ ಮುಂಚೆಯೇ ಅವರ ನಂಬರ್ ಬರೆದುಕೊಂಡಿರಬೇಕು.